ದೊಡ್ಡ ದೊಡ್ಡವರ ರೆಕಾರ್ಡಿಂಗ್ ಕೇಳಿದ್ರೂ ನನಗ ಏನೂ ಅನ್ಸವಲ್ದು, ನನ್ನ ಕಿವಿ ಕೆಟ್ಟದೇನ್ರಿ?

ಪ್ರಶ್ನೆ: ಸರ್, ನಾನು ಶಹಾಪುರದಾಗ ಹೈಸ್ಕೂಲ್ ಮಾಸ್ತರ ಇದ್ದೀನಿ. ಮೂರ್ನಾಕು ವರ್ಷ ಆತು ಹಿಂದೂಸ್ತಾನಿ ಸಂಗೀತದ ಹುಚ್ಚು ಹತ್ಯದ. ಎಲ್ಲಾರೂ ಭಾಳ ಹೊಗಳ್ತಾರಂತ ಅಬ್ದುಲ್ ಕರೀಂ ಖಾನರ ಹಳೀ ರೆಕಾರ್ಡಿಂಗ್ ಮೊಬೈಲ್‌ನಾಗ ಹಚ್ಚಿ ಕೇಳ್ದೆ, ಸೊಳ್ಳಿ ಗುಂಯ್ ಅಂದಂಗ ಕೇಳಿಸ್ತು, ಇನ್ನೇನು ರಾಗ ಶುರು ಆಗ್ತದ ಅನ್ನೂದ್ರಾಗ ಮುಗದೇ ಹೋತು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲಿನ ಪ್ಲೇಟು ಕೇಳಿದ್ರ ಅದು ಅವರ ದನಿನೇ ಅಲ್ಲ ಅನ್ಸ್ತದ. ಮಲ್ಲಿಕಾರ್ಜುನ ಮನ್ಸೂರರದ್ದು ಒಂದು 'ರಿಮಾಸ್ಟರ್' ಮಾಡಿದ ಸಂಗ್ರಹ ತಗೊಂಡೆ, ತಂಬೂರಿನೇ ಕೇಳಸಂಗಿಲ್ಲ. ಎಲ್‌ಪಿ, ಅಂದ್ರ ಭಾಳ ಹೊತ್ತು ನಡಿಯೋ ಪ್ಲೇಟು, ಆದ್ರ ಅಸಲಿ ದನಿ ಅಂತ ಯಾರೋ ಹೇಳಿದ್ರು, ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ ತಂದು ಹೋಮ್ ಥಿಯೇಟರ್‌ಗೆ ಹಚ್ಚೀನಿ, ಹೈದ್ರಾಬಾದಿಂದ 'ಕಾಲ್ ಆಫ್ ದ ವ್ಯಾಲಿ' ಎಲ್‌ಪಿ ತರಿಸೀನಿ, ವಾಲ್ಯೂಮ್ ಪೂರಾ ಇಟ್ರೂ ಮೊಬೈಲ್‌ಗಿಂತ ಕಡಿಮಿ, ಚಿರಿಚಿರಿ. ದನಿ ಹಂಗಿರ್ಲಿ, ಸಂಗೀತನೂ ಏನ್ ಅಷ್ಟು ಆಳ ಅನ್ಸ್ಲಿಲ್ಲ. ಗೆಳೆಯರು ನಿನಗ ಕಿವಿ ಇಲ್ಲ ಬಿಡು ಅಂತಾರ. ತಪ್ಪು ನನ್ನ ಕಿವಿದೋ, ಪ್ಲೇಟಿಂದೋ, ಇಲ್ಲಾ ಸುಮ್ನ ಹೆಸರು ದೊಡ್ಡದು ಮಾಡ್ಯಾರೋ? ಮನ್ಯಾಗ ಅಜ್ಜನ ಕಾಲದ ಪ್ಲೇಟು ಒಂದು ಪೆಟ್ಟಿಗಿ ಅದಾವ, ಅವುನೂ ಹಚ್ಚಿ ನೋಡ್ಲೋ ಬ್ಯಾಡೋ?

ಉತ್ತರ:

ಮಾಸ್ತರ, ಮೊದಲು ಒಂದು ಮಾತು, ನಿಮ್ಮ ಕಿವಿ ಚಲೋನೇ ಅದ. ತಂಬೂರಿ ಕೇಳಸಂಗಿಲ್ಲ ಅಂತ ಗುರ್ತು ಹಿಡದೀರಿ, ಗಂಗೂಬಾಯಿ ಅವರ ದನಿ ಬ್ಯಾರೆ ಅದ ಅಂದೀರಿ, ಎಲ್‌ಪಿ ಚಿರಿಚಿರಿ ಅಂತದ ಅಂದೀರಿ, ಮೂರೂ ಖರೇ ಇರೋ ಸಂಗತಿ. ಕಿವಿ ಇಲ್ಲದವರಿಗೆ ಇವ್ಯಾವೂ ತಿಳಿಯಂಗಿಲ್ಲ. ನಾನು ಕಲಬುರಗ್ಯಾಗ ಹಳೀ ಪ್ಲೇಟು, ಕ್ಯಾಸೆಟ್ಟು ಡಿಜಿಟಲ್ ಮಾಡೋ ಕೆಲ್ಸ ಮಾಡ್ತೀನಿ, ಸಂಗೀತ ಸಭಾಗಳಿಗೆ ಸೌಂಡ್ ನೋಡ್ಕೋತೀನಿ, ನಿಮ್ಮಂಥದೇ ಪ್ರಶ್ನಿ ಬೀದರ್‌ನವರೂ ಕೇಳ್ತಾರ, ಸೇಡಂನವರೂ ಕೇಳ್ತಾರ. ಹತ್ತರಾಗ ಏಳೆಂಟು ಮಂದಿ ವಿಷಯದಾಗ ಕಾರಣ ಹಾಡಿದವರದ್ದೂ ಇರಂಗಿಲ್ಲ, ಕೇಳವರದ್ದೂ ಇರಂಗಿಲ್ಲ. ಆ ಪ್ಲೇಟಿನ ಮ್ಯಾಲ ಎಷ್ಟು ದನಿ ಹಿಡಿಸಾಕ ಸಾಧ್ಯ ಇತ್ತೋ ಅದಕ್ಕಿಂತ ಭಾಳ ದೊಡ್ಡ ನಿರೀಕ್ಷಾ ಇಟ್ಕೊಂಡು ನಾವು ಕೇಳಾಕ ಕುಂತಿರ್ತೀವಿ. ಉಳಿದದ್ದರಾಗ ಹೌದು, ಕೆಲವು ರೆಕಾರ್ಡಿಂಗ್ ಖರೇನೇ ಸಪ್ಪಗ ಅದಾವ, ಅದನ್ನೂ ಹೇಳ್ತೀನಿ.

ಅಬ್ದುಲ್ ಕರೀಂ ಖಾನರಿಂದ ಶುರು ಮಾಡೋಣ. 78 ಆರ್‌ಪಿಎಂ, ಅಂದ್ರ ನಿಮಿಷಕ್ಕ 78 ಸುತ್ತು ತಿರುಗೋ ಪ್ಲೇಟಿನ ಒಂದು ಬದಿಗೆ ಹೆಚ್ಚಂದ್ರ ಮೂರು, ಮೂರೂವರಿ ನಿಮಿಷ. ಬೈಠಕ್‌ನಾಗ, ಅಂದ್ರ ಸಣ್ಣ ಸಂಗೀತ ಕೂಟದಾಗ, ಒಂದು ತಾಸು ಹಾಡೋ ರಾಗ ಅಷ್ಟರಾಗ ಕೂಡಬೇಕು. ಈ ದೇಶದಾಗ ಗ್ರಾಮಫೋನ್ ರೆಕಾರ್ಡಿಂಗ್ ಶುರು ಆದದ್ದು 1902ರಾಗ, ಕಲ್ಕತ್ತಾದಾಗ ಗೌಹರ್ ಜಾನ್ ಹಾಡಿದ್ರು, ಹಾಡು ಮುಗಿಯೂದಕ್ಕ ಇಂಗ್ಲಿಷ್‌ನಾಗ ತಮ್ಮ ಹೆಸರು ತಾವೇ ಹೇಳ್ತಿದ್ರು, ಯಾಕಂದ್ರ ಪ್ಲೇಟು ಒತ್ತಲಿಕ್ಕೆ ಜರ್ಮನಿಗೆ ಹೋಗ್ತಿದ್ವು, ಅಲ್ಲಿ ಯಾರ ಹಾಡು ಯಾವುದು ಅಂತ ಗುರ್ತು ಸಿಗಬೇಕಲ್ಲ. ಆಗ ಮೈಕ್ ಇರಲಿಲ್ಲ. ಒಂದು ದೊಡ್ಡ ಕಹಳೆ ಬಾಯಿಗೆ ಮುಖ ಕೊಟ್ಟು ಹಾಡಬೇಕು, ದನಿಯ ಒತ್ತಡಕ್ಕ ಸೂಜಿ ಅಲುಗಾಡಿ ಮೇಣದ ಮ್ಯಾಲ ಕೊರೀತಿತ್ತು. ದನಿಯ ಎತ್ತರ-ತಗ್ಗು ಅಳಿಯೋ ಲೆಕ್ಕದಾಗ ಸುಮಾರು 200 ಹರ್ಟ್ಜ್ ಕೆಳಗಿಂದು, 2,500 ಹರ್ಟ್ಜ್ ಮ್ಯಾಲಿಂದು ಹೆಚ್ಚುಕಮ್ಮಿ ಹೋದಂಗೇ. ಹಂಗಂದ್ರ ತಬಲಾದಾಗ ಎಡಗೈ ಡಗ್ಗಾ ಹೋತು, ತಂಬೂರಿ ಜವಾರಿ, ಅಂದ್ರ ತಂತಿಯ ಆ ಝೇಂಕಾರ, ಹೋತು, ನಡುವಿನ ದನಿ ಅಷ್ಟೇ ಉಳೀತು. 1925ರ ನಂತರ ಮೈಕ್ ಬಂತು, ದನಿ ಭಾಳ ಸುಧಾರಿಸ್ತು, ಆದ್ರ ಮೂರು ನಿಮಿಷದ ಹಗ್ಗ ಮಾತ್ರ ಬಿಡಲಿಲ್ಲ.

ಖಾನ್ ಸಾಹೇಬ್ರು ಎರಡೂ ಕಾಲದಾಗ ಹಾಡ್ಯಾರ. ಕಹಳೆ ಕಾಲದ ಪ್ಲೇಟೂ ಅದಾವ, 1937ರಾಗ ಅವರು ತೀರಿಕೊಳ್ಳೂದಕ್ಕಿಂತ ಸ್ವಲ್ಪ ಮೊದಲಿನ ವಿದ್ಯುತ್ ಮೈಕಿನ ಪ್ಲೇಟೂ ಅದಾವ, ಇಂಟರ್ನೆಟ್‌ನಾಗ ಎರಡೂ ಒಂದೇ ಗಂಟಿನಾಗ ಕಟ್ಟಿ ಹಾಕಿರ್ತಾರ, ಇಸ್ವಿ ಬರದಿರಂಗಿಲ್ಲ. ನೀವು ಯಾವುದು ಕೇಳಿದ್ರಿ ಗೊತ್ತಾಗೂದು ಹ್ಯಾಂಗ? ಝಿಂಝೋಟಿ ರಾಗದ 'ಪಿಯಾ ಬಿನ್ ನಹೀ ಆವತ ಚೈನ್' ಹುಡುಕ್ರಿ, ಅದು ಮೈಕಿನ ಕಾಲದ್ದು. ಅವರ ದನಿ ಮೂಲದಾಗೇ ಎತ್ತರದ ಪಟ್ಟಿದು (ಶ್ರುತಿದು), ತೆಳುವು, ಮೃದು. ಎದಿ ಗುದ್ದೋ ಭೀಮಸೇನ ಜೋಶಿ ಥರದ ದನಿ ಬರ್ತದ ಅಂತ ಕುಂತ್ರ ನಿರಾಸಿ ಗ್ಯಾರಂಟಿ. ಆದ್ರ ಸಣ್ಣ ಹುಡುಗ ಇದ್ದಾಗ ಭೀಮಸೇನರು ಅಂಗಡ್ಯಾಗ ಖಾನ್ ಸಾಹೇಬ್ರ ಪ್ಲೇಟು ಕೇಳೇ ಹುಚ್ಚಾಗಿ, 1933ರಾಗ ಗುರುವನ್ನ ಹುಡುಕ್ಕೋತ ಗದಗಿನ ಮನಿ ಬಿಟ್ಟು ಹೋದ್ರು. ಅದೇ ಮೂರು ನಿಮಿಷ, ಅದೇ ಚರಚರ. ಅವರಿಗೆ ಸಿಕ್ಕದ್ದು ನಿಮಗ ಯಾಕ ಸಿಗಲಿಲ್ಲ ಅಂದ್ರ ನೀವು ರಾಗದ ವಿಸ್ತಾರ ಹುಡುಕಿದ್ರಿ, ಅದು ಅಲ್ಲಿ ಇಲ್ಲ, ಇರಾಕ ಸಾಧ್ಯನೂ ಇರಲಿಲ್ಲ. ಇನ್ನೊಮ್ಮೆ ಕೇಳ್ರಿ, ಈ ಸಲ ಬ್ಯಾರೆ ಏನೂ ಹುಡುಕಬ್ಯಾಡ್ರಿ, ದನಿ ಒಂದು ಸ್ವರದ ಮ್ಯಾಲ ಹ್ಯಾಂಗ ಬಂದು ನಿಲ್ತದ, ನಿಂತ ಮ್ಯಾಲ ಅಲುಗಾಡ್ತದೋ ಇಲ್ಲೋ, ಒಂದು ಸ್ವರದಿಂದ ಇನ್ನೊಂದಕ್ಕ ಹೋಗುವಾಗ ನಡುವಿನ ದಾರಿ ಹ್ಯಾಂಗ ಹಿಡೀತದ, ಅಷ್ಟೇ. ಹಂಗ ಮೂರು ಸಲ ಕೇಳಿದ್ರೂ ಏನೂ ಅನ್ಸಲಿಲ್ಲ ಅಂದ್ರ ಬಿಟ್ಟುಬಿಡ್ರಿ, ಪಾಪ ಏನಿಲ್ಲ ಅದ್ರಾಗ.

ಆದ್ರ ಆ ಮೂರು ಸಲನೂ ಮೊಬೈಲ್ ಸ್ಪೀಕರ್‌ನಾಗ ಕೇಳಬ್ಯಾಡ್ರಿ ಮಾರಾಯ್ರ. ಮೊಬೈಲಿನ ಆ ಬೆರಳಷ್ಟು ಸ್ಪೀಕರ್ 300 ಹರ್ಟ್ಜ್ ಕೆಳಗ ಹೇಳ್ಕೊಳ್ಳಂಗ ಏನೂ ಕೊಡಂಗಿಲ್ಲ. ಗಂಡಸರು ಸಾಮಾನ್ಯವಾಗಿ ಹಾಡೋ ಕಾಳಿ ಒಂದರ (ಹಾರ್ಮೋನಿಯಂನ ಮೊದಲನೇ ಕರಿ ಮನಿ) ಷಡ್ಜ, ಅಂದ್ರ 'ಸಾ', ಸುಮಾರು 138 ಹರ್ಟ್ಜ್, ತಂಬೂರಿಯ ಎಲ್ಲಕ್ಕಿಂತ ತಗ್ಗಿನ ಖರಜದ ತಂತಿ ಅದರ ಅರ್ಧ, 69. ಎರಡೂ ಆ ಸ್ಪೀಕರ್‌ನಾಗ ಹಾಯಂಗೇ ಇಲ್ಲ, ಮ್ಯಾಲಿನ ಸಹಸ್ವರಗಳಿಂದ ನಮ್ಮ ತಲಿ ಊಹೆ ಮಾಡ್ಕೋತದ ಅಷ್ಟೇ. ಹಳೀ ಪ್ಲೇಟು ಮೊದಲೇ ಕೆಳಗಿಂದು ಕಳಕೊಂಡಿರ್ತದ, ಉಳಿದದ್ದು ಮೊಬೈಲ್ ಕಳೀತದ, ಕಡಿಗಿ ನಿಮ್ಮ ಸೊಳ್ಳಿ ಉಳೀತು. ಐದುನೂರು, ಸಾವಿರ ರೂಪಾಯಿ ವೈರ್ ಇಯರ್‌ಫೋನ್ ಹಾಕ್ಕೊಂಡು ಕೇಳಿದ್ರ ಅರ್ಧ ದೂರು ಅಲ್ಲೇ ಮುಗೀತದ.

ಇನ್ನೊಂದು ಭಾಳ ಮಂದಿಗೆ ಗೊತ್ತಿಲ್ಲದ ವಿಷಯ, ವೇಗ. 78 ಅಂತ ಹೆಸರು ಅಷ್ಟೇ, ಹಳೀ ಪ್ಲೇಟು ಎಲ್ಲಾ 78ಕ್ಕೇ ಕೊರದಿಲ್ಲ, ಸ್ವಲ್ಪ ಕಡಿಮಿ ವೇಗಕ್ಕ ಕೊರದವೂ ಅದಾವ, ಹೆಚ್ಚಿಂದೂ ಅದಾವ. 74ಕ್ಕ ಕೊರದ ಪ್ಲೇಟು 78ಕ್ಕ ತಿರುಗಿಸಿದ್ರ ಹತ್ರಹತ್ರ ಅರ್ಧ ಸ್ವರ ಮ್ಯಾಲ ಹೋಗ್ತದ, ದನಿ ತೆಳು ಆಗ್ತದ, ತಾನು, ಅಂದ್ರ ವೇಗದಾಗ ಹಾಡೋ ಸ್ವರಗಳ ಸಾಲು, ಅವಸರ ಆಗ್ತಾವ, ಗಂಭೀರವಾಗಿ ಹಾಡಿದವರು ಏನೋ ಗಡಿಬಿಡಿಯಾಗ ಹಾಡ್ದಂಗ ಕೇಳಸ್ತದ. ಕಂಪ್ಯೂಟರ್‌ನಾಗ ವೇಗ, ಪಟ್ಟಿ ಎರಡೂ ಕೂಡಿ ಇಳಿಸೋ ಉಚಿತ ಸಾಫ್ಟ್‌ವೇರ್ ಅದಾವ, ನೂರಕ್ಕ ಮೂರು, ನಾಕು, ಆರು ಇಳಿಸಿ ಕೇಳಿ ನೋಡ್ರಿ, ಎಲ್ಲೋ ಒಂದ್ಕಡಿ ದನಿ ಮನುಷ್ಯನ ಎದಿಯಿಂದ ಬಂದಂಗ ಅನ್ನಿಸ್ತದ. ಇದ್ರಾಗ ಅಪಾಯನೂ ಅದ, ನಮ್ಮ ಗಾಯಕರಿಗೆ ಇದೇ ಪಟ್ಟಿ ಅಂತ ಕಟ್ಟುನಿಟ್ಟಿಲ್ಲ, ತಂಬೂರಿ ಆ ದಿನ ಎಲ್ಲಿ ಕೂಡ್ತೋ ಅಲ್ಲಿ, ಹಂಗಾಗಿ ಷಡ್ಜ ಹಾರ್ಮೋನಿಯಂ ಮನಿಗೆ ಸರಿ ಕೂಡ್ತು ಅಂದ ಮಾತ್ರಕ್ಕ ವೇಗ ಸರಿ ಆತು ಅಂತ ಸಾಬೀತಾಗಂಗಿಲ್ಲ. ನಿಮ್ಮ ಕಿವಿಗೆ ಹಿತ ಆಗೋ ತನಕ ಇಳಿಸಿ ಇದೇ ಅಸಲಿ ಅಂತ ನಾಕು ಮಂದಿಗೆ ಹಂಚಬ್ಯಾಡ್ರಿ, ಮೂಲ ಫೈಲು ಹಂಗೇ ಇಟ್ಕೋರಿ.

ಗಂಗೂಬಾಯಿ ಅವರ ವಿಷಯಕ್ಕ ಬಂದ್ರ ಅಲ್ಲಿ ಯಂತ್ರದ ತಪ್ಪು ಏನೂ ಇಲ್ಲ. 1930ರ ದಶಕದಾಗ 'ಗಾಂಧಾರಿ ಹಾನಗಲ್' ಅನ್ನೋ ಹೆಸರಿನ್ಯಾಗ ಅವರ ಪ್ಲೇಟು ಬಂದ್ವು, ಆಗ ಅವರಿಗೆ ಇಪ್ಪತ್ತರ ಆಸುಪಾಸು, ದನಿ ಸಣ್ಣ, ಚೂಪು, ಎತ್ತರ. ಮುಂದ ಗಂಟಲಿನ ಟಾನ್ಸಿಲ್ ಚಿಕಿತ್ಸಾ ಆದ ಮ್ಯಾಲ ದನಿ ಬದಲಾತು, ನಾವು ನೀವು ತಿಳ್ಕೊಂಡಿರೋ ಆ ಭಾರೀ, ಗಂಡು ದನಿಯಂಥ ದನಿ ಆಮ್ಯಾಲಿಂದು. ಆ ಪ್ಲೇಟು ಕೆಟ್ಟಿಲ್ಲ, ಬ್ಯಾರೆ ಕಾಲದ ಗಂಗೂಬಾಯಿ ಅವರು ಅಷ್ಟೇ. ಮನ್ಸೂರರದ್ದೂ ಇಂಥದೇ ಕಥಿ. ಅವರ 1930ರ ದಶಕದ ಪ್ಲೇಟಿನ್ಯಾಗ ಹಾಡೂದು ಇಪ್ಪತ್ತು ದಾಟಿದ ಹುಡುಗ, ನೀಲಕಂಠಬುವಾ ಅವರ ಹತ್ರ ಗ್ವಾಲಿಯರ್ ಘರಾಣಾ, ಅಂದ್ರ ಆ ಪರಂಪರೆಯ ಹಾಡಿಕಿ, ಕಲಿತು ಬಂದವ. ಮಂಜೀಖಾನರು, ಭುರ್ಜೀಖಾನರು ಅವರ ಕೈಯಾಗ ಜೈಪುರ ಘರಾಣಾ ಪಳಗಿ, 'ಆ' ಅಂತ ಬಿಡದೇ ಹರಿಯೋ ಆಕಾರ, ಎರಡು ರಾಗ ಕೂಡಿಸಿದ ಆ ಜೋಡು ರಾಗಗಳು ಬಂದದ್ದು ಆಮ್ಯಾಲ. ಸಂಗ್ರಹ ಮಾಡೋರು ಮೂವತ್ತರ ದಶಕದ್ದೂ ಎಂಬತ್ತರ ದಶಕದ್ದೂ ಒಂದೇ ಡಬ್ಬಿಗೆ ಹಾಕಿ ಮ್ಯಾಲ ಒಂದು ಮುದುಕಪ್ಪನ ಫೋಟೋ ಹಚ್ಚಿದ್ರ ಕೇಳವರು ಕಂಗಾಲಾಗೂದು ಸಹಜ. ನನಗ ಕೇಳಿದ್ರ ಮನ್ಸೂರರನ್ನ ಅವರು ಐವತ್ತು ದಾಟಿದ ಮ್ಯಾಲಿನ ರೆಕಾರ್ಡಿಂಗ್‌ನಿಂದ ಶುರು ಮಾಡ್ರಿ, ಹಿಂದಕ್ಕ ಆಮ್ಯಾಲ ಹೋಗ್ರಿ. ಇಂಥ ದೊಡ್ಡ ಗಾಯಕರನ್ನ ತಪ್ಪು ಕಡಿಯಿಂದ ಕೇಳಿ ಕೈಬಿಟ್ಟವರನ್ನ ನೋಡೀನಿ, ಜೀವಕ್ಕ ಕೆಟ್ಟನಿಸ್ತದ.

ಈಗ ರಿಮಾಸ್ಟರ್, ಅಂದ್ರ ಹಳೀ ರೆಕಾರ್ಡಿಂಗ್ ಸ್ವಚ್ಛ ಮಾಡಿ ಮತ್ತ ತರೂದು. ನಿಮ್ಮ ತಂಬೂರಿ ಎಲ್ಲಿ ಹೋತು ಅಂತ ನಾನು ಹೇಳ್ತೀನಿ. ಪ್ಲೇಟಿನ ಚರಚರ, ಸುಂಯ್ ಅನ್ನೋ ಸಪ್ಪಳ ಎಲ್ಲಾ ಕಡಿ ಹರಡಿರ್ತದ, ಮ್ಯಾಲಿನ ಭಾಗದಾಗ, ಅಂದ್ರ 3,000, 4,000 ಹರ್ಟ್ಜ್ ದಾಟಿದ ಮ್ಯಾಲ, ಹಾಡಿಗಿಂತ ಅದೇ ಜೋರು ಇರ್ತದ. ತಂಬೂರಿ ಜವಾರಿದ ಮಿನುಗೂ ಅಲ್ಲೇ ಇರ್ತದ, ಸ, ಶ, ಚ ಅನ್ನೋ ವ್ಯಂಜನಗಳ ಅಂಚೂ ಅಲ್ಲೇ ಇರ್ತದ. ಸಾಫ್ಟ್‌ವೇರಿಗೆ ಸಪ್ಪಳ ಯಾವುದು ತಂಬೂರಿ ಯಾವುದು ಗೊತ್ತಾಗಂಗಿಲ್ಲ, ಎರಡೂ ಬಿಡದೇ ನಡೀತಾವಲ್ಲ, ಎರಡನ್ನೂ ಕಸದಾಗ ಹಾಕ್ತದ. ನಾನು ಕೆಲ್ಸ ಮಾಡುವಾಗ ಏನು ತಗದೀವಿ ಅನ್ನೂದನ್ನ ಬ್ಯಾರೆ ಮಾಡಿ ಕೇಳ್ತೀನಿ, ತಗದ ಕಸದಾಗ 'ಸ'ಕಾರ ಕೇಳಿಸ್ತು ಅಂದ್ರ, ತಂಬೂರಿ ಝೇಂಕಾರ ಕೇಳಿಸ್ತು ಅಂದ್ರ, ಅಲ್ಲಿಗೆ ಕೈ ಹಿಂದ ತಗೀಬೇಕು. ಮಾರಾಟಕ್ಕ ಬರೋ ಭಾಳ ಸಂಗ್ರಹದಾಗ ಯಾರೂ ಹಂಗ ಕುಂತು ಕೇಳಿರಂಗಿಲ್ಲ, ಒಂದೇ ಸೆಟ್ಟಿಂಗ್ ನೂರು ಪ್ಲೇಟಿಗೆ ಹಚ್ಚಿರ್ತಾರ. ಅದು ಸಾಲದು ಅಂತ ಮ್ಯಾಲ ಎಕೋ ಹಾಕ್ತಾರ, ಆಲಾಪದ ಮೆಲ್ಲನ ದನಿ ತಾನಿನಷ್ಟೇ ಜೋರು ಬರಂಗ ಒತ್ತುತಾರ. ಸ್ವಚ್ಛ ಆಗ್ಯದ ಅಂತ ನಾವು ರೊಕ್ಕ ಕೊಡ್ತೀವಿ, ಹಾಡಿನ ಜೀವ ಹೋಗಿರ್ತದ. ಹಂಗಾಗಿ ಅದೇ ಹಾಡಿನ ಸಪ್ಪಳ ತಗೀಲಾರದ ಪ್ರತಿ ಎಲ್ಲರ ಸಿಕ್ರ ಅದನ್ನ ಕೇಳ್ರಿ, ಮೊದಲಿನ ಅರ್ಧ ನಿಮಿಷ ಚರಚರ ಕಾಡ್ತದ, ಆಮ್ಯಾಲ ಕಿವಿ ತಾನೇ ಅದನ್ನ ಬದಿಗಿಡ್ತದ.

ಎಲ್‌ಪಿ ಅಂದ್ರ ಅಸಲಿ ಅನ್ನೂದೂ ಅರ್ಧ ನಂಬಿಕಿ ಮಾತು. ನಿಮ್ಮ ಮನ್ಯಾಗಿನ ತೊಂದ್ರಿ ನೀವು ಬರದ ರೀತಿಯಿಂದನೇ ನನಗ ತಿಳೀತು, ನಿಮ್ಮ ಟರ್ನ್‌ಟೇಬಲ್‌ಗೂ ಹೋಮ್ ಥಿಯೇಟರ್‌ಗೂ ನಡುವ ಫೋನೋ ಪ್ರೀಆಂಪ್ ಇಲ್ಲ. ಎಲ್‌ಪಿ ಕೊರಿವಾಗ ತಗ್ಗಿನ ದನಿ ಬೇಕಂತಲೇ ಕಡಿಮಿ ಮಾಡಿ, ಮ್ಯಾಲಿನ ದನಿ ಹೆಚ್ಚು ಮಾಡಿ ಕೊರೀತಾರ, ಇಲ್ಲಂದ್ರ ಗೀರು ಅಗಲ ಆಗಿ ಒಂದು ಬದಿಗೆ ಇಪ್ಪತ್ತು ನಿಮಿಷ ಹಿಡಿಯಂಗಿಲ್ಲ. ಅದನ್ನ ಮತ್ತ ತಿರುಗಿ ಸರಿ ಮಾಡೂದು ಫೋನೋ ಪ್ರೀಆಂಪ್ ಕೆಲ್ಸ. ಸೂಜಿಯಿಂದ ಬರೂದೂ ಬರೇ ನಾಕೈದು ಮಿಲಿವೋಲ್ಟ್, ಅದನ್ನ ಸೀದಾ ಹೋಮ್ ಥಿಯೇಟರಿನ ಆಕ್ಸ್ ಕಿಂಡಿಗೆ ಹಚ್ಚಿದ್ರ ವಾಲ್ಯೂಮೂ ಇಲ್ಲ, ಬೇಸೂ ಇಲ್ಲ, ಚಿರಿಚಿರಿ ಅಷ್ಟೇ. ಟರ್ನ್‌ಟೇಬಲ್ ಹಿಂದ ವೈರ್ ಹಚ್ಚೋ ಜಾಗದ ಹತ್ರ ಉಗುರಿನಷ್ಟು ಸಣ್ಣ ಸ್ವಿಚ್ ಅದ ಏನು ನೋಡ್ರಿ, ಒಂದ್ಕಡಿ 'ಫೋನೋ' ಇನ್ನೊಂದ್ಕಡಿ 'ಲೈನ್' ಅಂತ ಬರದಿರ್ತದ, ಇದ್ರ 'ಲೈನ್'ಗೆ ತಳ್ರಿ, ಮುಗೀತು. ಇಲ್ಲಂದ್ರ ಸಣ್ಣ ಪ್ರೀಆಂಪ್ ಡಬ್ಬಿ ಬ್ಯಾರೆ ತಗೋಬೇಕು, ಭಾಳ ತುಟ್ಟಿ ಇರಂಗಿಲ್ಲ. ಸೆಕೆಂಡ್ ಹ್ಯಾಂಡ್ ಅಂದೀರಿ, ಹಂಗಿದ್ರ ಸೂಜಿನೂ ಸವದಿರಬಹುದು, ಸವದ ಸೂಜಿ ದನಿ ಕೆಡಿಸೂದಷ್ಟೇ ಅಲ್ಲ, ಹಾಕಿದ ಎಲ್ಲಾ ಪ್ಲೇಟೂ ಕೆರದು ಹಾಳು ಮಾಡ್ತದ, ಮೊದಲು ಸೂಜಿ ಬದಲ ಮಾಡ್ರಿ.

ಇಷ್ಟೆಲ್ಲಾ ಸರಿ ಮಾಡಿದ್ರೂ 'ಕಾಲ್ ಆಫ್ ದ ವ್ಯಾಲಿ' ನಿಮಗ ಆಳ ಅನ್ಸಲಿಕ್ಕಿಲ್ಲ, ಮತ್ತ ನಿಮ್ಮ ಮಾತಿಗೆ ನನ್ನ ಸಹಮತ ಅದ. 1967ರ ರೆಕಾರ್ಡ್ ಅದು, ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ ಕಾಬ್ರಾ ಅವರ ಗಿಟಾರ್. ಕಾಶ್ಮೀರದ ಕುರಿ ಕಾಯವನ ಒಂದು ದಿನ, ಮುಂಜಾನಿಂದ ರಾತ್ರಿ ತನಕ, ಆಯಾ ಹೊತ್ತಿನ ರಾಗದಾಗ ತೋರಿಸ್ಬೇಕು ಅನ್ನೂದು ಅದರ ಕಲ್ಪನಾ. ಎರಡೂ ಬದಿ ಸೇರಿ ಮುಕ್ಕಾಲು ತಾಸೂ ಇಲ್ಲ, ಅದ್ರಾಗ ಐದಾರು ರಾಗ. ಚಂದ ಅದ, ಭಾಳ ಮಂದಿ ಅದರಿಂದನೇ ಈ ಸಂಗೀತಕ್ಕ ಬಂದಾರ, ದೇಶದ ಹೊರಗೂ ಮಾರಾಟ ಆಗ್ಯದ. ಆದ್ರ ಇದೇ ಹಿಂದೂಸ್ತಾನಿ ಸಂಗೀತದ ಶಿಖರ ಅಂತ ಯಾರರ ಹೇಳಿ ಮಾರಿದ್ರ ಅದು ಆ ರೆಕಾರ್ಡಿಗೂ ಅನ್ಯಾಯ, ತಗೊಂಡವರಿಗೂ ಅನ್ಯಾಯ. ಅಹಿರ್ ಭೈರವ ಏನು ಅಂತ ತಿಳೀಬೇಕಂದ್ರ ಅಲ್ಲಿ ತಿಳಿಯಂಗಿಲ್ಲ, ಒಂದು ತಾಸು ಅದೊಂದೇ ರಾಗ ಹಾಡಿದ್ದು ಕೇಳಬೇಕು.

ಖರೇನೇ ಸಪ್ಪಗ ಇರೋ ರೆಕಾರ್ಡಿಂಗ್ ಅಂದ್ರ ನನ್ನ ಅನುಭವದಾಗ ಯಾವ್ಯಾವು ಅಂದ್ರ, ಒಂದು, ಸ್ಟುಡಿಯೋದಾಗ ಗಡಿಯಾರ ನೋಡ್ಕೋತ ಹಾಡಿದ ಎಲ್‌ಪಿ. ಇಪ್ಪತ್ತು ನಿಮಿಷದಾಗ ವಿಲಂಬಿತ (ನಿಧಾನದ ಹಾಡು), ದ್ರುತ (ವೇಗದ್ದು), ತಾನು ಎಲ್ಲಾ ಮುಗೀಬೇಕು, ಮುಂದ ಕೇಳವರಿಲ್ಲ, ಕ್ಯಾ ಬಾತ್ ಅನ್ನವರಿಲ್ಲ, ಗಾಯಕರು ಎಷ್ಟೇ ದೊಡ್ಡವರಿದ್ರೂ ಲೆಕ್ಕ ಒಪ್ಪಿಸಿ ಎದ್ದಂಗ ಇರ್ತದ. ಆಮ್ಯಾಲ ಜುಗಲ್‌ಬಂದಿ, ಎರಡು ದೊಡ್ಡ ಹೆಸರು ಕವರ್ ಮ್ಯಾಲ ಚಂದ ಕಾಣ್ತಾವ, ಆದ್ರ ಇಬ್ಬರ ಪಟ್ಟಿ ಬ್ಯಾರೆ, ಇಬ್ಬರ ನಡಿಗಿ ಬ್ಯಾರೆ, ಒಬ್ಬರಿಗಾಗಿ ಒಬ್ಬರು ತಡಕೋತ ಹೋಗ್ತಾರ. ಮತ್ತ 'ಮನಶ್ಶಾಂತಿಗಾಗಿ ಮುಂಜಾನಿ ರಾಗಗಳು' ಅನ್ನೋ ಥರದ ಸಂಗ್ರಹ, ಅದ್ರಾಗ ಎಲ್ಲಾ ಆಲಾಪ ಕತ್ತರಿಸಿ ಇಟ್ಟಿರ್ತಾರ. ಕಡೀದು, ವಯಸ್ಸಾಗಿ ದನಿ ದಣಿದ ಕಾಲದ ಸಭಾ ರೆಕಾರ್ಡಿಂಗ್. ಇದರ ಬಗ್ಗೆ ಹೇಳಾಕ ಸಂಕಟ ಆಗ್ತದ, ಎದುರಿಗೆ ಕುಂತವರಿಗೆ ಅದು ದರ್ಶನ, ಮನ್ಯಾಗ ಕುಂತು ಮೊದಲನೇ ಸಲ ಕೇಳವರಿಗೆ ಅದು ಒಡದ ದನಿ. ಇಂಥವನ್ನ ಮೆಚ್ಚಲಿಲ್ಲಂದ್ರ ಗಾಯಕರಿಗೆ ಅಗೌರವ ಮಾಡ್ದಂಗ ಆಗಂಗಿಲ್ಲ.

ಅದರ ಬದಲಿ ಹುಡುಕಬೇಕಾದ್ದು ಆಕಾಶವಾಣಿ ಸಂಗ್ರಹದ್ದು ಮತ್ತ ಖಾಸಗಿ ಬೈಠಕ್‌ದ್ದು. ಆಕಾಶವಾಣಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ 1952ರಿಂದ ಬಂತು, ಅಲ್ಲಿ ಒಂದು ರಾಗಕ್ಕ ಕಾಲು ಚಾಚೋ ಜಾಗ ಇತ್ತು. ಅದರಾಗ ಎರಡು ಥರದ ಪ್ರತಿ ಓಡಾಡ್ತಾವ, ಕೇಂದ್ರದ ಮೂಲ ಟೇಪಿನಿಂದ ಬಂದದ್ದು ಚಲೋ ಇರ್ತದ, ಯಾರೋ ಮನ್ಯಾಗ ಮೀಡಿಯಂ ವೇವ್ ರೇಡಿಯೋದಿಂದ ಕ್ಯಾಸೆಟ್ಟಿಗೆ ಹಿಡಿದು, ಆ ಕ್ಯಾಸೆಟ್ಟಿಂದ ಇನ್ನೊಂದು, ಅದರಿಂದ ಮತ್ತೊಂದು ಮಾಡಿದ್ದು ಮಂಕಾಗಿರ್ತದ. ಒಂದು ಕೆಟ್ಟ ಪ್ರತಿ ಕೇಳಿ ಹಾಡನ್ನ ತಿರಸ್ಕಾರ ಮಾಡಬ್ಯಾಡ್ರಿ, ಅದೇ ದಿನದ ಇನ್ನೊಂದು ಪ್ರತಿ ಹುಡುಕ್ರಿ. ಹಂಗೇ, 1940ರಿಂದ 1971ರ ತನಕ ಆಕಾಶವಾಣ್ಯಾಗ ಹಾರ್ಮೋನಿಯಂ ಬಂದ್ ಇತ್ತು, ಆ ಕಾಲದ್ದರಾಗ ಸಾರಂಗಿ ಕೇಳಸ್ತದ, ಅದನ್ನ ಕೇಳಾಕ ಅಂತನೇ ನಾನು ಎಷ್ಟೋ ಟೇಪು ಮತ್ತ ಮತ್ತ ಹಚ್ಚೀನಿ.

ಮತ್ತ ಎದುರಿಗೆ ಕುಂತು ಕೇಳ್ರಿ, ಇದು ಮಾತ್ರ ತಪ್ಪಿಸಬ್ಯಾಡ್ರಿ. ನಮ್ಮ ಭಾಗದಾಗ ಶ್ರಾವಣ ಬಂದ್ರ ಮಠಗಳೊಳಗ ಪುರಾಣ ನಡೀತದ, ಪುರಾಣದ ಜೋಡಿ ಹಾಡವರು, ತಬಲಾದವರು ಇರ್ತಾರ, ಗದಗಿನ ಪುಟ್ಟರಾಜ ಗವಾಯಿಗಳ ಹತ್ರ ಕಲತು ಬಂದವರು ಕಲಬುರಗಿ, ಯಾದಗಿರಿ ಕಡಿ ಎಷ್ಟೋ ಮಂದಿ. ಸ್ಪೀಕರ್ ಡಬ್ಬಿ ಮುಂದ ಕುಂದ್ರಬ್ಯಾಡ್ರಿ, ವೇದಿಕಿ ಹತ್ರ ಹೋಗಿ, ಕಾರ್ಯಕ್ರಮ ಶುರು ಆಗೂಕಿಂತ ಮೊದಲು ತಂಬೂರಿ ಕೂಡಿಸ್ತಾರಲ್ಲ, ಮೈಕ್ ಇಲ್ಲದ ಆ ದನಿ ಐದು ನಿಮಿಷ ಕೇಳ್ರಿ. ಎಲೆಕ್ಟ್ರಾನಿಕ್ ತಂಬೂರಿ ಇದ್ರ ಈ ಮಾತು ನಡಿಯಂಗಿಲ್ಲ, ಖರೇ ತಂಬೂರಿ ಇರಬೇಕು. ಆ ದನಿ ಒಮ್ಮೆ ಕಿವ್ಯಾಗ ಕುಂತ್ರ ಹಳೀ ಪ್ಲೇಟಿನ್ಯಾಗ ಏನು ಕಳದದ, ಏನು ಉಳದದ ನಿಮಗೇ ತಿಳೀತದ.

ಇನ್ನ ಅಜ್ಜನ ಪೆಟ್ಟಿಗಿ. ದಯವಿಟ್ಟು ಅವನ್ನ ನಿಮ್ಮ ಈಗಿನ ಟರ್ನ್‌ಟೇಬಲ್ ಮ್ಯಾಲ ಹಂಗೇ ಹಚ್ಚಬ್ಯಾಡ್ರಿ. 78ರ ಗೀರು ಎಲ್‌ಪಿ ಗೀರಿಗಿಂತ ಮೂರು ಪಟ್ಟು ಅಗಲ, ಎಲ್‌ಪಿ ಸೂಜಿ ಅದರ ತಳದಾಗ ಕಸದಾಗ ಉಳ್ಳಾಡ್ತದ, ಬರೇ ಸಪ್ಪಳ ಬರ್ತದ, 78ಕ್ಕ ಅಂತನೇ ಬ್ಯಾರೆ ಸೂಜಿ ಬೇಕು, ಮತ್ತ ಮಷೀನ್‌ನಾಗ 78ರ ವೇಗ ಇರಬೇಕು, ಭಾಳ ಮಷೀನ್‌ನಾಗ 33, 45 ಅಷ್ಟೇ ಇರ್ತಾವ. ಅಜ್ಜನ ಗ್ರಾಮಫೋನ್ ಇದ್ರ ಅದರ ಮ್ಯಾಲೂ ಬ್ಯಾಡ, ಅದರ ಉಕ್ಕಿನ ಸೂಜಿ, ಆ ಭಾರ, ಒಂದೊಂದು ಸಲಕ್ಕೂ ಪ್ಲೇಟು ಸವೀತದ. ತೊಳಿವಾಗ ಸ್ಪಿರಿಟ್, ಸ್ಯಾನಿಟೈಜರ್ ಹಚ್ಚಿದ್ರ ಮುಗದೇ ಹೋತು, ಆ ಪ್ಲೇಟು ಅರಗಿಂದು, ಆಲ್ಕೋಹಾಲ್‌ಗೆ ಕರಗ್ತದ. ಡಿಸ್ಟಿಲ್ಡ್ ವಾಟರ್, ಒಂದು ಹನಿ ಪಾತ್ರಿ ತೊಳಿಯೋ ಸೋಪು, ಮೆತ್ತನ ಬ್ರಷ್ಷು, ಗೀರಿನ ಗುಂಟ ತಿರುಗಿಸಿ, ನಡುವಿನ ಲೇಬಲ್ ತೋಯಿಸದಂಗ, ಆಮ್ಯಾಲ ಬರೇ ಡಿಸ್ಟಿಲ್ಡ್ ವಾಟರ್‌ನಿಂದ ಸೋಪು ತಗದು, ನೆರಳಾಗ ಆರಿಸ್ರಿ. ಡಿಜಿಟಲ್ ಮಾಡಾಕ ಯಾರ ಹತ್ರ ಕೊಟ್ರೂ ಏನೂ ಸ್ವಚ್ಛ ಮಾಡಲಾರದ ಮೂಲ ಫೈಲು, 24 ಬಿಟ್ ವೇವ್ (ಒತ್ತಿ ಸಣ್ಣ ಮಾಡಲಾರದ್ದು), ಅದನ್ನ ಮೊದಲು ಕೇಳಿ ಇಸ್ಕೋರಿ, ಸಪ್ಪಳ ತಗದದ್ದು ಬೇಕಾದ್ರ ಬ್ಯಾರೆ ಕೊಡ್ಲಿ. ಎಂಪಿ3 ಅಷ್ಟೇ ಕೊಡ್ತೀನಿ ಅಂದವರ ಕೈಗೆ ಪ್ಲೇಟು ಕೊಡಬ್ಯಾಡ್ರಿ.

ಮತ್ತ ಪೆಟ್ಟಿಗಿ ಎಲ್ಲಿಟ್ಟೀರೋ ಗೊತ್ತಿಲ್ಲ, ಅಟ್ಟದ ಮ್ಯಾಲಿದ್ರ ಇವತ್ತೇ ಇಳಿಸ್ರಿ. ನಮ್ಮ ಕಡಿ ಮೇ ತಿಂಗಳದಾಗ 43, 44 ಡಿಗ್ರಿ ಹೊರಗ, ತಗಡಿನ ಕೆಳಗ, ನಿಲ್ಲಿಸಿದ ಕಾರಿನ ಒಳಗ ಇನ್ನೂ ಹೆಚ್ಚು, ಎಲ್‌ಪಿ ಅಂತೂ ಸೊಟ್ಟ ಆಗೇ ಆಗ್ತದ, ನನ್ನ ಹತ್ರ ರಿಪೇರಿಗೆ ಬರೋ ಸೊಟ್ಟ ಪ್ಲೇಟು ಭಾಳಷ್ಟು ಬ್ಯಾಸಗಿ ಕಳದ ಮ್ಯಾಲೇ ಬರ್ತಾವ, ಅವನ್ನ ಮೊದಲಿನಂಗ ಸರಿ ಮಾಡಾಕ ಬರಂಗಿಲ್ಲ. ಒಂದರ ಮ್ಯಾಲ ಒಂದು ಪೇರಿಸಬ್ಯಾಡ್ರಿ, ಪುಸ್ತಕ ಇಟ್ಟಂಗ ನೆಟ್ಟಗ ನಿಲ್ಲಿಸ್ರಿ, ಕೆಳಗಿನ ಮನಿಯಾಗ, ಬಿಸಲು ಬೀಳದ ಗ್ವಾಡಿ ಕಡಿ. ಮೊದಲು ಲೇಬಲ್ ಎಲ್ಲಾ ಮೊಬೈಲ್‌ನಾಗ ಫೋಟೋ ತಗದು ಕಳಿಸ್ರಿ, ಯಾವುದಕ್ಕ ಮೊದಲು ಕೈ ಹಚ್ಚಬೇಕು ಅಂತ ನೋಡಿ ಹೇಳ್ತೀನಿ.